ಮುಂಬಾಗಿಲ ಪಕ್ಕದ ಜಾಗ

ಹೈಸ್ಕೂಲಿನ ನೌಕರಿಗೆ ಸೇರಿದ ವಾರವೇ ಮಲ್ಲಿಕಮ್ಮ ಬೆಳಗಿನ ಚಹಾ ಬಿಟ್ಟಳು. ಚಹಾ ಅಷ್ಟೇ ಅಲ್ಲ, ಸಾಲೆ ಶುರುವಾದಾಗಿನಿಂದ ಸಂಜೆ ಬಾಗಿಲು ಹಾಕುವ ತನಕ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಬೇಸಿಗೆಯಲ್ಲಿ ಸುರಪುರದ ಗುಡ್ಡಗಳು ಕಾದ ಹಂಚಿನಂತಾಗಿ, ಪಾಠ ಹೇಳುವಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡರೂ ಸಹಿಸಿಕೊಂಡಿರುತ್ತಿದ್ದಳು. ಆ ಸಾಲೆಯಲ್ಲಿ ಹೆಂಗಸರು ಹೋಗುವಂಥ ಒಂದು ಜಾಗವೂ ಇರಲಿಲ್ಲ.

ಊರವರ ಬಾಯಲ್ಲಿ ಅದು ದಿಡ್ಡಿ ಬಾಗಿಲ ಹೈಸ್ಕೂಲು. ನಿಜಾಮರ ಕಾಲದಲ್ಲಿ ಅಲ್ಲಿ ಕುದುರೆ ಸವಾರರು ಇದ್ದರು. ಸವಾರರು ಹೋದ ಮೇಲೆ, ನಿಜಾಮರ ಕಾಲದಲ್ಲೇ, ಕುದುರೆ ಲಾಯದ ನಡುವೆ ಗೋಡೆ ಎಬ್ಬಿಸಿ ಖೋಲಿಗಳನ್ನು ಮಾಡಿದ್ದರು. ಮಳೆಗಾಲದಲ್ಲಿ ಮಣ್ಣಿನ ಮಾಳಿಗೆ ಸೋರುತ್ತಿತ್ತು. ಕಿಟಕಿಗಳು ಎಷ್ಟು ಸಣ್ಣವೆಂದರೆ ಹಿಂದಿನ ಸಾಲಿನವರಿಗೆ ಹಾಡಹಗಲೂ ಕರಿಹಲಗೆ ಕಾಣುತ್ತಿರಲಿಲ್ಲ. ಹುಡುಗರಿಗೆ ಹಿಂದುಗಡೆ ಗುಡ್ಡ ಇತ್ತು, ಬಂಡೆಗಳ ಮರೆ ಇತ್ತು. ಹುಡುಗಿಯರು ಮಾತ್ರ ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ಮನೆಗೆ ಓಡುತ್ತಿದ್ದರು. ಓಡಿದವರಲ್ಲಿ ಅರ್ಧ ಮಂದಿ ತಿರುಗಿ ಬರುತ್ತಿರಲಿಲ್ಲ. ಲೆಕ್ಕ ಮತ್ತು ವಿಜ್ಞಾನದ ಪಾಠಗಳು ನಡೆಯುತ್ತಿದ್ದದ್ದು ಮಧ್ಯಾಹ್ನದ ಮೇಲೆ. ವರ್ಷದ ಕೊನೆಗೆ ಹುಡುಗಿಯರು ಆ ಎರಡರಲ್ಲೇ ನಪಾಸಾಗುತ್ತಿದ್ದರು. ಹುಡುಗಿಯರ ತಲೆಗೆ ಲೆಕ್ಕ ಹತ್ತುವುದಿಲ್ಲ ಎಂದು ಮಾಸ್ತರುಗಳೇ ಹೇಳುತ್ತಿದ್ದರು. ತಲೆಗೂ ಅದಕ್ಕೂ ಸಂಬಂಧವಿಲ್ಲವೆಂಬುದು ಮಲ್ಲಿಕಮ್ಮನಿಗೆ ಗೊತ್ತಿತ್ತು. ಆದರೆ ಅದನ್ನು ಗಂಡಸರ ಮುಂದೆ ಹೇಗೆ ಹೇಳಬೇಕೆಂದು ಗೊತ್ತಿರಲಿಲ್ಲ.

ಅವಳು ಯಾದಗಿರಿಯವಳು. ಅಪ್ಪ ಕಾಳುಕಡಿಯ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಮುನೀಮನಾಗಿದ್ದು, ಮಗಳನ್ನು ಕಲಬುರ್ಗಿಯಲ್ಲಿಟ್ಟು ಓದಿಸಿದ್ದ. ದಿಡ್ಡಿ ಬಾಗಿಲ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಕೆಲಸ ಸಿಕ್ಕಾಗ ಇಪ್ಪತ್ತಾರು ವರ್ಷ. ಆ ಸಾಲೆಗೆ ಬಂದ ಮೊದಲ ಹೆಣ್ಣು ಮಾಸ್ತರು ಅವಳು. ಅಲ್ಲಿಯವರೆಗೆ ಎಲ್ಲ ಪಾಠಗಳೂ ಉರ್ದುವಿನಲ್ಲೇ ನಡೆಯುತ್ತಿದ್ದವು. ಈಗ ಕನ್ನಡದ ತರಗತಿಗಳೂ ತೆರೆದಿದ್ದವು.

ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಸೇರಿ ವರ್ಷ ತುಂಬುವಷ್ಟರಲ್ಲಿ, ಹಳೆಯ ಸಾಲೆಯನ್ನು ಕೆಡವಿ ಅದೇ ಜಾಗದಲ್ಲಿ ಹೊಸದನ್ನು ಕಟ್ಟುತ್ತಾರೆಂಬ ಸುದ್ದಿ ಬಂತು. ನಕ್ಷೆ ಮಾಡಲು ಒಬ್ಬ ಇಂಜಿನಿಯರು ಬಂದರು. ನಂಜನಗೂಡಿನ ಕಡೆಯವರು, ಇನ್ನೂ ಮೂವತ್ತು ದಾಟಿರಲಿಲ್ಲ. ಊರವರು ಮಾತಾಡಿದರೆ ಜಗಳಕ್ಕೆ ಬಂದರೇನೋ ಎಂದು ಮೊದಲ ತಿಂಗಳು ಅವರು ಹೆದರಿದ್ದುಂಟು. ಅವರ ಜೊತೆ ಕೂತು ಯೋಜನೆ ಹಾಕಲು ಒಂದು ಕಮಿಟಿಯಾಯಿತು. ಹೆಡ್‌ಮಾಸ್ತರು ದಸ್ತಗೀರಸಾಬ, ಊರ ಹಿರಿಯ ಜವಳಿ ವ್ಯಾಪಾರಿ ಬಾಲಪ್ಪ, ಹುಡುಗಿಯರ ಪರವಾಗಿ ಒಬ್ಬರಿರಲಿ ಎಂದು ಮಲ್ಲಿಕಮ್ಮ.

ಮೊದಲ ದಿನ ಇಂಜಿನಿಯರು ಮೇಜಿನ ಮೇಲೆ ನೀಲಿ ಹಾಳೆ ಹಾಸಿದಾಗ ಎಲ್ಲರೂ ಸುತ್ತ ನಿಂತರು. ಎರಡೂ ಕಡೆ ದೊಡ್ಡ ಕಿಟಕಿಗಳಿದ್ದ ಖೋಲಿಗಳು, ಪ್ರಯೋಗಶಾಲೆ, ಪುಸ್ತಕದ ಕೋಣೆ, ಉದ್ದನೆಯ ಪಡಸಾಲೆ, ಆಟದ ಬಯಲು ಎಲ್ಲವೂ ಅದರಲ್ಲಿದ್ದವು. ಮುಂಬಾಗಿಲಿನಿಂದ ಒಳಗೆ ಬಂದರೆ ಎಡಕ್ಕೆ ಕಮಾನಿನ ಪೋರ್ಚು, ಅದರ ಹಿಂದೆ ಹೆಡ್‌ಮಾಸ್ತರ ಆಫೀಸು. ದಸ್ತಗೀರಸಾಬರು ಕನ್ನಡಕ ಹಣೆಗೇರಿಸಿ ಆ ಪೋರ್ಚನ್ನೇ ಬಹಳ ಹೊತ್ತು ನೋಡಿದರು. ಇಪ್ಪತ್ತೆರಡು ವರ್ಷ ಕುದುರೆಗೆ ಹುಲ್ಲು ಹಾಕುತ್ತಿದ್ದ ಖೋಲಿಯಲ್ಲಿ ಕೂತವರು ಅವರು.

ಹುಡುಗಿಯರಿಗೆ ಬೇರೆ ಏನಾದರೂ ಬೇಕೇ ಎಂದು ಇಂಜಿನಿಯರು ಕೇಳಿದರು. ಎಲ್ಲರೂ ಮಲ್ಲಿಕಮ್ಮನ ಕಡೆ ತಿರುಗಿದರು. ಹುಡುಗಿಯರಿಗೊಂದು ಖೋಲಿ ಬೇಕು ಎಂದಳು ಅವಳು. ಎಂಥ ಖೋಲಿ ಎಂದು ಕೇಳಿದಾಗ ಮುಖ ಬಿಸಿಯಾಗಿ, ಮಧ್ಯಾಹ್ನ ಬುತ್ತಿ ಉಣ್ಣಲು ಎಂದುಬಿಟ್ಟಳು. ಬಾಲಪ್ಪ ಒಳ್ಳೆಯ ವಿಚಾರ ಎಂದು ಮೆಚ್ಚಿದ. ಹಾಳೆಯ ಮೂಲೆಯಲ್ಲಿ ಒಂದು ಚೌಕ ಬಿತ್ತು, ಸಭೆ ಮುಗಿಯಿತು.

ಮರುದಿನ ಹೆಡ್‌ಮಾಸ್ತರ ಖೋಲಿಗೆ ಹೋಗಿ ಬಹಳ ಸುತ್ತಿಬಳಸಿ ಮಾತು ತೆಗೆದಳು. ಅವಳು ಅರ್ಧ ಹೇಳುವಷ್ಟರಲ್ಲೇ ದಸ್ತಗೀರಸಾಬರು ಕೈ ಎತ್ತಿ ತಡೆದರು.

"ನನ್ನ ಮಗಳು ಚಮನಬೀ ಏಳನೇದಾಗ ಸಾಲಿ ಬಿಟ್ಟಾಳ," ಎಂದರು. "ಪರದಾಕ್ಕಂತ ಬಿಡಿಸ್ಯಾನ ಅಂತ ಊರಾಗ ಅಂದ್ರು. ಅದಲ್ಲ ಮಲ್ಲಿಕಮ್ಮ ಬಾಯಿ. ದಿನಾ ಸಂಜಿಗಿ ಹೊಟ್ಟಿ ನೋವು ಅಂತ ಅಳಾಕಿ. ನನಗ ತಿಳಿದಿತ್ತು. ಇಷ್ಟು ವರ್ಷ ಯಾರ ಮುಂದೂ ಬಾಯಿ ಬಿಟ್ಟಿಲ್ಲ."

ಹಾಗಾದರೆ ಮುಂದಿನ ಸಭೆಯಲ್ಲಿ ನೀವೇ ಹೇಳಿ ಎಂದು ಅವಳು ಕೇಳಿಕೊಂಡಳು. ನಾನು ಹೇಳಿದರೆ ನಗೆಚಾಟಿಕೆಯಾಗಿ ಹೋಗುತ್ತದೆ, ನೀವು ಹೇಳಿದರೆ ಯಾರಿಗೂ ನಗಲು ಧೈರ್ಯ ಬರುವುದಿಲ್ಲ ಎಂದರು ಅವರು. ನೀವು ಹೇಳಿ, ನಾನು ಪಕ್ಕದಲ್ಲಿರುತ್ತೇನೆ ಎಂದರು.

ಎರಡನೆಯ ಸಭೆಯಲ್ಲಿ ಮಲ್ಲಿಕಮ್ಮ ಎದ್ದು ನಿಂತಳು. ಕೂತು ಹೇಳಿದರೆ ದನಿ ಹೊರಡುವುದಿಲ್ಲವೆಂದು ಅವಳಿಗೆ ಅನ್ನಿಸಿತ್ತು.

"ಹುಡುಗ್ಯಾರಿಗಿ ಪಾಯಖಾನಿ ಬೇಕ್ರಿ," ಎಂದಳು. "ಅದಿಲ್ಲಂತ ಅವರು ಮಧ್ಯಾಹ್ನ ಮನಿಗಿ ಹೋಗ್ತಾರ. ತಿರುಗಿ ಬರಂಗಿಲ್ಲ. ಲೆಕ್ಕದಾಗ ನಪಾಸ್ ಆಗೂದು ಅದಕ್ಕ. ನೀವು ಪ್ರಯೋಗಶಾಲಿ ಕಟ್ಟಿದ್ರೂ ಅವರು ಅದರಾಗ ಇರಂಗಿಲ್ಲ."

ಬಾಲಪ್ಪ ಗೋಡೆಯ ಮೇಲಿದ್ದ ಗಡಿಯಾರ ನೋಡತೊಡಗಿದ. ದಸ್ತಗೀರಸಾಬರು ಗಂಟಲು ಸರಿಮಾಡಿಕೊಂಡು ಮಲ್ಲಿಕಮ್ಮ ಬಾಯಿಯವರು ಹೇಳಿದ್ದು ಖರೆ ಎಂದರು. ಇಂಜಿನಿಯರು ಏನೂ ಆಗಿಲ್ಲವೆಂಬಂತೆ ಪೆನ್ಸಿಲ್ ತೆಗೆದು, ಎಲ್ಲಿ ಕಟ್ಟೋಣ ಎಂದು ಕೇಳಿದರು. ಮಾತು ಅಲ್ಲಿಂದ ಸಲೀಸಾಯಿತು. ಹಿಂದಿನ ಗೋಡೆಯ ಮೂಲೆ ಎಲ್ಲರಿಗೂ ಒಪ್ಪಿಗೆಯಾಯಿತು. ಗೋಡೆಯ ಆಚೆ ಒಂದು ಇಕ್ಕಟ್ಟಾದ ಗಲ್ಲಿ ಇತ್ತು. ಅಲ್ಲಿಂದ ಒಂದು ಚಿಕ್ಕ ಬಾಗಿಲು ಬಿಟ್ಟರೆ ಮಲ ಬಳಿಯುವವರು ಹೊರಗಿನಿಂದಲೇ ಬಂದು ಬುಟ್ಟಿಯಲ್ಲಿ ಎತ್ತಿಕೊಂಡು ಹೋಗಬಹುದು, ಸಾಲೆಯೊಳಗೆ ಯಾರಿಗೂ ಕಾಣುವುದಿಲ್ಲ ಎಂದು ಬಾಲಪ್ಪ ಹೇಳಿದ. ಆಗಿನ ಪಾಯಖಾನೆಗಳೆಲ್ಲ ಹಾಗೇ ಇದ್ದವು. ಮಲ್ಲಿಕಮ್ಮ ಅದರ ಬಗ್ಗೆ ಬೇರೆ ವಿಚಾರ ಮಾಡಲೇ ಇಲ್ಲ. ಅವತ್ತು ಹಗುರವಾದ ಮನಸ್ಸಿನಿಂದ ಮನೆಗೆ ಹೋಗಿ, ಮರುದಿನ ತರಗತಿಯಲ್ಲಿ ಹುಡುಗಿಯರಿಗೆಲ್ಲ ಆ ಸುದ್ದಿ ಹೇಳಿದಳು. ಎಲ್ಲಿ ಕಟ್ಟುತ್ತಾರೆಂಬುದನ್ನೂ ಹೇಳಿದಳು.

ಅದರ ಮರುದಿನದಿಂದ ಅಯ್ಯಮ್ಮ ಬರಲಿಲ್ಲ.

ಅಯ್ಯಮ್ಮ ಎಂಟನೇ ತರಗತಿಯವಳು. ತನ್ನ ಓಣಿಯಿಂದ ಹೈಸ್ಕೂಲಿಗೆ ಬಂದ ಮೊದಲ ಹುಡುಗಿ. ಬೇರೆಯವರು ಅವಳಿಂದ ಒಂದು ಗೇಣು ಸರಿದು ಕೂಡುತ್ತಿದ್ದರು. ಮಲ್ಲಿಕಮ್ಮ ಗದರಿಸಿ ಕೂಡಿಸಿದರೆ ಎರಡು ದಿನ ಸರಿಯಿರುತ್ತಿತ್ತು, ಮತ್ತೆ ಅದೇ ಗೇಣು. ಆದರೆ ಪಾಠ ಓದಿಸುವಾಗ ಅವಳ ದನಿಯಲ್ಲಿ ಅಂಜಿಕೆ ಇರುತ್ತಿರಲಿಲ್ಲ. ಮಧ್ಯಾಹ್ನ ಮನೆಗೆ ಹೋದರೂ ತಪ್ಪದೆ ತಿರುಗಿ ಬರುವ ಕೆಲವರಲ್ಲಿ ಅವಳೂ ಒಬ್ಬಳು. ಒಂದು ವಾರ ಕಾದು ನೋಡಿ ಮಲ್ಲಿಕಮ್ಮ ಅವಳ ಮನೆ ಹುಡುಕಿಕೊಂಡು ಹೋದಳು.

ಅಯ್ಯಮ್ಮನ ತಾಯಿ ಹಣಮಂತಮ್ಮ ಆಗಷ್ಟೇ ಕೆಲಸದಿಂದ ಬಂದು ಮಿಂದು, ತಲೆಗೂದಲು ಒಣಗಿಸಿಕೊಳ್ಳುತ್ತಿದ್ದಳು. ಊರಿನ ಪಾಯಖಾನೆಗಳನ್ನು ಬಳಿಯುವುದು ಅವಳ ಕೆಲಸ. ಅಕ್ಕೋರು ಬಂದದ್ದು ನೋಡಿ ಗಡಬಡಿಸಿ ಎದ್ದಳು, ಕೂಡಲು ಚಾಪೆ ಹಾಸಲೋ ಬೇಡವೋ ಎಂದು ನಿಂತಳು. ಮಲ್ಲಿಕಮ್ಮ ತಾನೇ ಕಟ್ಟೆಯ ಮೇಲೆ ಕೂತು, ಮಗಳನ್ನು ಏಕೆ ಕಳಿಸುತ್ತಿಲ್ಲವೆಂದು ಕೇಳಿದಳು. ಜ್ವರ ಎಂದಳು ಹಣಮಂತಮ್ಮ. ಒಳಗಿನಿಂದ ಇಣುಕಿದ ಅಯ್ಯಮ್ಮ ಆರೋಗ್ಯವಾಗಿಯೇ ಕಂಡಳು.  ಅಕ್ಕೋರು ಅದನ್ನು ನೋಡಿದ್ದು ಕಂಡು ಹಣಮಂತಮ್ಮ ತಾನೇ ಹೇಳಿದಳು.

"ಸಾಲಿ ಹಿಂದಿನ ಗಲ್ಲಿ ನನ್ನ ಪಾಳಿರಿ ಅಕ್ಕೋರ. ಮುಂದಿನ ಬಾಗಲದಾಗ ನನ್ನ ಮಗಳು ಪಾಟಿಚೀಲ ಹಿಡಕೊಂಡು ಹೋಗ್ತಾಳ. ಹಿಂದಿನ ಬಾಗಲದಾಗ ನಾ ಬುಟ್ಟಿ ಹಿಡಕೊಂಡು ಬರ್ತೀನಿ. ಆಕಿ ಕೂಡ ಕೂಡೂ ಹುಡುಗ್ಯಾರದು ನಾ ಎತ್ತಬೇಕು. ಅವ್ವಾ, ಅಲ್ಲಿಗಿ ನೀನೇ ಬರ್ತೀ ಏನು ಅಂತ ಕೇಳ್ಯಾಳ. ನಾ ಏನು ಹೇಳ್ಲಿ?"

ಮಲ್ಲಿಕಮ್ಮ ಒಳಗೆ ನಿಂತಿದ್ದ ಅಯ್ಯಮ್ಮನ ಕಡೆ ನೋಡಿದಳು.

"ಕಟ್ಟಬ್ಯಾಡ್ರಿ ಅನ್ನಂಗಿಲ್ಲ ನಾ," ಎಂದಳು ಹಣಮಂತಮ್ಮ. "ಹುಡುಗ್ಯಾರಿಗಿ ಬೇಕು, ನಾನೂ ಹೆಂಗಸು, ಗೊತ್ತದ. ಆದ್ರ ಅಲ್ಲಿ ನನ್ನ ಮಗಳು ಇರಂಗಿಲ್ಲ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ಮಲ್ಲಿಕಮ್ಮನಿಗೆ ತಾಗಿತು. ತಿರುಗಿ ಬರುವ ದಾರಿಯುದ್ದಕ್ಕೂ, ಸಭೆಯಲ್ಲಿ ಆ ಗಲ್ಲಿಯ ಮಾತು ಬಂದಾಗ ತಾನು ತಲೆದೂಗಿದ್ದು ಕಣ್ಣಮುಂದೆ ಬರುತ್ತಿತ್ತು. ಕೆಲವು ಹುಡುಗಿಯರನ್ನು ಒಳಗೆ ಉಳಿಸಲು ಹೋಗಿ ಒಬ್ಬಳನ್ನು ಹೊರಗೆ ಹಾಕಿದ್ದಳು.

ಮಾರನೆಯ ದಿನ ಸಾಲೆ ಬಿಟ್ಟ ಮೇಲೆ ದಸ್ತಗೀರಸಾಬರನ್ನು ಜೊತೆಗೆ ಕರೆದುಕೊಂಡು ಇಂಜಿನಿಯರು ಇಳಿದುಕೊಂಡಿದ್ದ ಪ್ರವಾಸಿ ಬಂಗಲೆಗೆ ಹೋದಳು. ನಡೆದದ್ದನ್ನೆಲ್ಲ ಹೇಳಿದಳು. ಯಾರೂ ಕೈಯಿಂದ ಎತ್ತಬೇಕಾಗಿಲ್ಲದಂಥ ಪಾಯಖಾನೆ ಇದೆಯೇ ಎಂದು ಕೇಳಿದಳು. ಈ ಸಲ ಅವಳ ಮುಖ ಬಿಸಿಯಾಗಲಿಲ್ಲ.

ಇಂಜಿನಿಯರು ಕುರ್ಚಿಯಲ್ಲಿ ನೆಟ್ಟಗಾದರು. "ಇದೆಯಮ್ಮ," ಎಂದರು. "ನಾನು ತರಬೇತಿಗೆ ಹೋದಾಗ ಕಣ್ಣಾರೆ ನೋಡಿದೀನಿ. ಕೆಳಗೆ ಬಗ್ಗಿದ ಕೊಳವೆಯೊಳಗೆ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತೆ, ವಾಸನೆ ಮೇಲಕ್ಕೆ ಬರೋದಿಲ್ಲ. ಒಂದು ತಂಬಿಗೆ ನೀರು ಹಾಕಿದರೆ ಎಲ್ಲ ಗುಂಡಿಗೆ ಹೋಗುತ್ತೆ. ಗುಂಡಿ ಎರಡಿರುತ್ತೆ. ಒಂದು ತುಂಬಿದರೆ ಮುಚ್ಚಿ ಇನ್ನೊಂದನ್ನು ಉಪಯೋಗಿಸೋದು. ಮುಚ್ಚಿದ್ದು ಎರಡು ವರ್ಷದಲ್ಲಿ ಮಣ್ಣಾಗಿಬಿಡುತ್ತೆ."

ಇಷ್ಟೆಲ್ಲ ಗೊತ್ತಿದ್ದೂ ಅವತ್ತು ಏಕೆ ಹೇಳಲಿಲ್ಲವೆಂದು ದಸ್ತಗೀರಸಾಬರು ಕೇಳಿದರು. ಎರಡು ಊರಿನಲ್ಲಿ ಹೇಳಿ ನೋಡಿದ್ದರಂತೆ. ಅಲ್ಲಿಯವರು ಇದ್ದ ಪದ್ಧತಿಯೇ ಸಾಕು, ಬಳಿಯುವವರು ಇದ್ದಾರಲ್ಲ ಎಂದರಂತೆ. ಮೂರನೆಯ ಊರಿನಲ್ಲಿ ಇಂಜಿನಿಯರೇ ಬಾಯಿ ಮುಚ್ಚಿಕೊಂಡರಂತೆ. ಹೇಳುವಾಗ ಅವರು ತಲೆ ತಗ್ಗಿಸಿದ್ದರು.

ಮರುದಿನ ಮೂವರೂ ಸಾಲೆಯ ಜಾಗವನ್ನೆಲ್ಲ ಸುತ್ತಿದರು. ಗುಂಡಿಗೆ ಆಳವಾದ ಮಣ್ಣು ಬೇಕು. ಹಿಂದಿನ ಮೂಲೆಯಲ್ಲಿ ಹಾರೆ ಹಾಕಿದರೆ ಒಂದು ಗೇಣು ಇಳಿಯುವಷ್ಟರಲ್ಲಿ ಬಂಡೆ ಖಣ್ ಎಂದಿತು. ಬಲಗಡೆ ಬಾವಿ ಇತ್ತು. ಕುಡಿಯುವ ನೀರಿನ ಹತ್ತಿರ ಗುಂಡಿ ತೋಡುವಂತಿಲ್ಲ ಎಂದರು ಇಂಜಿನಿಯರು. ನಡುವೆಯೆಲ್ಲ ಮೊರಡು, ಬರೀ ಕಲ್ಲು ನೆಲ. ಹಾರೆ ಬೆಣ್ಣೆಯಲ್ಲಿಳಿದಂತೆ ಇಳಿದದ್ದು ಒಂದೇ ಕಡೆ: ಮುಂಬಾಗಿಲ ಎಡಕ್ಕೆ, ಹಿಂದೆ ಯಾರೋ ಹೂದೋಟ ಮಾಡಿದ್ದ ಕೆಂಪು ಮಣ್ಣಿನ ಜಾಗದಲ್ಲಿ. ನಕ್ಷೆಯಲ್ಲಿ ಅಲ್ಲಿ ಇದ್ದದ್ದು ಕಮಾನಿನ ಪೋರ್ಚು ಮತ್ತು ಹೆಡ್‌ಮಾಸ್ತರ ಆಫೀಸು.

 ಇಂಜಿನಿಯರು ಹಾರೆಯನ್ನು ಮಣ್ಣಿನಲ್ಲಿ ಆಡಿಸುತ್ತ ನಿಂತರು. ದಸ್ತಗೀರಸಾಬರು ಆ ಕೆಂಪು ಮಣ್ಣನ್ನು ಒಂದು ಸುತ್ತು ಹಾಕಿ ಬಂದರು. ಪೋರ್ಚು ತೆಗೆಯಿರಿ ಎಂದರು. ಆಫೀಸನ್ನು ನಾಲ್ಕು ಹೆಜ್ಜೆ ರಸ್ತೆಯ ಕಡೆಗೆ ಸರಿಸಿದರೆ ಹಿಂದೆ ಜಾಗ ಉಳಿಯುತ್ತದೆಯೇ ಎಂದು ಕೇಳಿದರು. ಉಳಿಯುತ್ತದೆ ಎಂದರು ಇಂಜಿನಿಯರು.

ಮೂರನೆಯ ಸಭೆ ಸುಲಭವಾಗಿರಲಿಲ್ಲ. ಹೊಸ ನಕ್ಷೆ ನೋಡಿ ಬಾಲಪ್ಪ ಕೆಂಡವಾದ. ಅಧಿಕಾರಿಗಳು ಬರುವ ಬಾಗಿಲ ಪಕ್ಕ, ಊರಿನ ಮಾನದ ಜಾಗದಲ್ಲಿ ಇಂಥದ್ದನ್ನು ಕಟ್ಟುತ್ತಾರೆಯೇ ಎಂದ. ಹೆಡ್‌ಮಾಸ್ತರು ಎಲ್ಲಿ ಕೂಡುತ್ತಾರೆಂಬುದನ್ನಾದರೂ ನೋಡಬೇಕಲ್ಲ ಎಂದ.

"ನಾನು ಅದರ ಮುಂದ ಕೂಡ್ತೀನ್ರಿ ಬಾಲಪ್ಪನವರ," ಎಂದರು ದಸ್ತಗೀರಸಾಬರು. "ರಸ್ತಾಕ್ಕ ಕಾಣೂದು ನನ್ನ ಖೋಲಿ ಒಂದೇ. ಹುಡುಗ್ಯಾರು ಒಳಗಿನ ಕಡಿಯಿಂದ ಬಂದು ಹೋಗ್ತಾರ. ಹೆಡ್‌ಮಾಸ್ತರ ಖೋಲಿ ಹಿಂದ ಯಾವ ಹುಡುಗ ಸುಳೀತಾನ? ಅವರಿಗಿ ನನ್ನ ಖೋಲಿನೇ ಪರದಾ."

ಬಾಲಪ್ಪನ ಸಿಟ್ಟು ಸ್ವಲ್ಪ ಇಳಿಯಿತು. ನೀರು ಯಾರು ತುಂಬುತ್ತಾರೆ ಎಂದು ಕೇಳಿದ. ಸಾಲೆಯ ಬಾವಿಯಿಂದ ಹುಡುಗಿಯರೇ ಪಾಳಿಯ ಮೇಲೆ ತುಂಬುತ್ತಾರೆ, ತಾನೂ ತುಂಬುತ್ತೇನೆ ಎಂದಳು ಮಲ್ಲಿಕಮ್ಮ.

"ಎಲ್ಲಾ ಹುಡುಗ್ಯಾರೂ?" ಎಂದ ಬಾಲಪ್ಪ. ಅವನು ಏನನ್ನು ಕೇಳುತ್ತಿದ್ದಾನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಎಲ್ಲಾ ಹುಡುಗ್ಯಾರೂರಿ," ಎಂದಳು ಅವಳು. "ಅಯ್ಯಮ್ಮನೂ ಸೇದ್ತಾಳ."

ಬಾವಿ ಸರ್ಕಾರದ್ದು, ಯಾರನ್ನೂ ಮುಟ್ಟಬೇಡ ಎನ್ನುವಂತಿಲ್ಲವೆಂದು ಈಗ ಕಾನೂನೂ ಇದೆ ಎಂದು ಇಂಜಿನಿಯರು ಮೆಲ್ಲಗೆ ಸೇರಿಸಿದರು. ಬಾಲಪ್ಪ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಹೊರಗೆ ಮಧ್ಯಾಹ್ನದ ಗಂಟೆ ಹೊಡೆದು ಹುಡುಗಿಯರು ಮುಂಬಾಗಿಲ ಕಡೆ ಓಡುತ್ತಿದ್ದರು. ಅವನ ತಮ್ಮನ ಮಗಳೂ ಅವರಲ್ಲಿದ್ದಳು. ಅವನು ತಿರುಗಿ ಬಂದು, ತನಗೆ ಇದು ಪೂರಾ ಮನಸ್ಸಿಗೆ ಬಂದಿಲ್ಲ, ಆದರೆ ಕೆಲಸಕ್ಕೆ ಅಡ್ಡ ಬರುವುದಿಲ್ಲ ಎಂದ. ಹಾಗೆಂದು ಸಹಿ ಹಾಕಿದ. ಮುಂದೆ ನಡೆದ ಗುದ್ದಲಿ ಪೂಜೆಗೆ ಮಾತ್ರ ಬರಲಿಲ್ಲ. ಕೆಂಭಾವಿಯಲ್ಲಿ ಸಂತೆ ಇದೆ ಎಂದು ಹೇಳಿ ಕಳಿಸಿದ.

ನಕ್ಷೆ ಮೇಲಿನ ಕಚೇರಿಗೆ ಹೋಗಿ ಬರಲು ಬಹಳ ದಿನ ಹಿಡಿಯಿತು. ಬಂದಾಗ ಪುಸ್ತಕದ ಕೋಣೆಯನ್ನು ಹೊಡೆದುಹಾಕಿದ್ದರು, ಪಡಸಾಲೆಯನ್ನು ಅರ್ಧ ಮಾಡಿದ್ದರು. ಪುಸ್ತಕಗಳು ಇನ್ನೂ ಕೆಲವು ವರ್ಷ ಕಬ್ಬಿಣದ ಪೆಟ್ಟಿಗೆಯಲ್ಲೇ ಇರಬೇಕಾಯಿತು. ಆದರೆ ಎಡಗಡೆಯ ಜಾಗವನ್ನು ಯಾರೂ ಮುಟ್ಟಿರಲಿಲ್ಲ. ಇಂಜಿನಿಯರು ಅದನ್ನು ಮೊದಲು ಮಲ್ಲಿಕಮ್ಮನಿಗೆ ತೋರಿಸಿದರು, ಆಮೇಲೆ ದಸ್ತಗೀರಸಾಬರಿಗೆ.

ಈ ನಡುವೆ ಮಲ್ಲಿಕಮ್ಮ ಹಣಮಂತಮ್ಮನ ಮನೆಗೆ ಮತ್ತೆರಡು ಸಲ ಹೋಗಿದ್ದಳು. ಗುಂಡಿಯ ವಿಷಯ ಹೇಳಿದಾಗ ಹಣಮಂತಮ್ಮ ನಂಬಲಿಲ್ಲ. ಕಟ್ಟುವಾಗ ಒಂದು ಹೇಳುತ್ತಾರೆ, ಕಟ್ಟಿದ ಮೇಲೆ ನಮ್ಮನ್ನೇ ಕರೆಯುತ್ತಾರೆ ಎಂದಳು. ಆದರೆ ಹಿಂದಿನ ಗಲ್ಲಿಗೆ ಬಾಗಿಲು ಬಿಡುವುದಿಲ್ಲವೆಂದು ತಿಳಿದ ಮೇಲೆ ಮುಂದಿನ ಸೋಮವಾರ ಮಗಳಿಗೆ ಎಣ್ಣೆ ಹಚ್ಚಿ ಜಡೆ ಹಾಕಿ ಕಳಿಸಿದಳು. ಅಯ್ಯಮ್ಮ ತಪ್ಪಿಹೋದ ಪಾಠಗಳನ್ನು ಮಲ್ಲಿಕಮ್ಮನ ಮನೆಗೆ ಬಂದು ಓದಿ ಮುಗಿಸಿದಳು.

ಮುಂಬಾಗಿಲ ಎಡಗಡೆಯ ಜಾಗಕ್ಕೆ ಮೊದಲು ಗುರುತು ಹಾಕುವ ದಿನ ಬಂತು. ಇಂಜಿನಿಯರು ಗೂಟ ಹೊಡೆಸಿ, ದಾರ ಎಳೆಸಿ, ಸುಣ್ಣದ ಪುಡಿಯಿಂದ ನೆಲದ ಮೇಲೆ ಗೆರೆ ಹಾಕಿಸುತ್ತಿದ್ದರು. ದಸ್ತಗೀರಸಾಬರು ಕೋಟಿನ ತೋಳು ಮಡಚಿ ತಮ್ಮ ಆಫೀಸಿನ ಮೂಲೆಗೆ ತಾವೇ ಗೂಟ ಹಿಡಿದರು. ಮರುವರ್ಷ ಅವರಿಗೆ ನಿವೃತ್ತಿ. ಕಟ್ಟಡ ಅಷ್ಟರಲ್ಲಿ ಏಳುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಅದನ್ನು ಯಾರೋ ನೆನಪಿಸಿದಾಗ, ಮುಂದೆ ಬರುವವರು ಕೂಡುತ್ತಾರಲ್ಲ ಎಂದು ನಕ್ಕರು.

ಹಣಮಂತಮ್ಮ ಕೆಲಸ ಮುಗಿಸಿ ಮನೆಗೆ ಹೋಗಿ, ಮಿಂದು, ಇಳಕಲ್ ಸೀರೆ ಉಟ್ಟು ಬಂದಿದ್ದಳು. ಮುಂಬಾಗಿಲ ಹೊರಗೆ ರಸ್ತೆಯ ಆಚೆ ನಿಂತಿದ್ದಳು. ಮಲ್ಲಿಕಮ್ಮ ನೋಡಿ, ಹೋಗಿ ಕೈಹಿಡಿದು ಒಳಗೆ ಕರೆತಂದಳು. ಇಂಜಿನಿಯರು ಎರಡು ಗುಂಡಿಗಳ ಸುಣ್ಣದ ವೃತ್ತಗಳನ್ನು ತೋರಿಸಿ, ಎಲ್ಲವನ್ನೂ ಮೊದಲಿನಿಂದ ಬಿಡಿಸಿ ಹೇಳಿದರು. ಅವರ ಕನ್ನಡ ಅವಳಿಗೆ ಅರ್ಧ ತಿಳಿಯಿತು, ಉಳಿದ ಅರ್ಧವನ್ನು ಅಯ್ಯಮ್ಮ ತಿಳಿಸಿದಳು. ಹಣಮಂತಮ್ಮ ಎಲ್ಲ ಕೇಳಿಸಿಕೊಂಡು, ಇಂಜಿನಿಯರನ್ನು ಬಿಟ್ಟು ಮಲ್ಲಿಕಮ್ಮನ ಕಡೆ ತಿರುಗಿದಳು.

"ಬಾವಿ ಬತ್ತಿತು ಅಂದ್ರ? ನೀರಿಲ್ಲದ ದಿನ ಏನು ಮಾಡ್ತೀರಿ?"

ಬೇಸಿಗೆಯಲ್ಲಿ ಆ ಬಾವಿ ತಳ ಮುಟ್ಟುವುದು ಊರಿಗೇ ಗೊತ್ತಿದ್ದ ವಿಷಯ.

"ಆ ದಿನ ಬೀಗ ಹಾಕ್ತೀನಿ," ಎಂದಳು ಮಲ್ಲಿಕಮ್ಮ. "ಕೀಲಿ ನನ್ನ ಹತ್ರ ಇರ್ತದ. ಮಧ್ಯಾಹ್ನದ ಪಾಠ ಆಗದಿದ್ರೂ ನಡೀತದ. ನಿಮಗ ಮಾತ್ರ ಯಾರೂ ಹೇಳಿ ಕಳಸಂಗಿಲ್ಲ."

 "ಹಂಗಾದ್ರ ಸೈ," ಎಂದಳು ಹಣಮಂತಮ್ಮ.

ಹೋಗುತ್ತಾಳೇನೋ ಎಂದುಕೊಂಡರೆ ಹೋಗಲಿಲ್ಲ. ಗೋಡೆಯ ನೆರಳಿನಲ್ಲಿ ಕೂತಳು. ಗೆರೆ ಹಾಕುವವರು ಎಡವಟ್ಟು ಮಾಡಿದಾಗ ಅಯ್ಯಮ್ಮ ದಾರದ ಇನ್ನೊಂದು ತುದಿ ಹಿಡಿದು ಬಿಗಿಯಾಗಿ ಎಳೆದಳು. ಬೇರೆ ಇಬ್ಬರು ಹುಡುಗಿಯರು ಬಂದು ಅವಳ ಪಕ್ಕದಲ್ಲೇ ನಿಂತು ಸುಣ್ಣದ ಬುಟ್ಟಿ ಹಿಡಿದರು. ಹೊತ್ತು ಇಳಿಯುವಷ್ಟರಲ್ಲಿ ಕೆಂಪು ಮಣ್ಣಿನ ಮೇಲೆ ಖೋಲಿಗಳು, ಬಾಗಿಲುಗಳು ಎಲ್ಲ ಬಿಳಿ ಗೆರೆಗಳಾಗಿ ಮೂಡಿದ್ದವು. ಹಣಮಂತಮ್ಮ ಎದ್ದು, ಸೀರೆಯ ಧೂಳು ಕೊಡವಿಕೊಂಡು, ಗೆರೆ ತುಳಿಯದಂತೆ ಬಾಗಿಲ ಗುರುತಿನೊಳಗಿಂದಲೇ ದಾಟಿ ಮಗಳ ಹತ್ತಿರ ಬಂದಳು.